ಅಜ್ಜಿ ಇಳಿದ ಗವಿ

ಹೋದ ವಾರ ಜಿಟಿಜಿಟಿ ಮಳೆಯಲ್ಲಿ ಠಾಣಾ ಕುಶನೂರದಿಂದ ಬೀದರಕ್ಕೆ ಬರುತ್ತಿದ್ದೆ. ದಾರಿಯಲ್ಲಿ ಕುರಿ ಕಾಯುವ ಮುದುಕನೊಬ್ಬ ಬಸ್ಸು ಹತ್ತಿ, ತೊಯ್ದ ಕಂಬಳಿಯ ಸಮೇತ ನನ್ನ ಪಕ್ಕದಲ್ಲಿ ಕುಳಿತು, ಎರಡೇ ನಿಮಿಷದಲ್ಲಿ ಗೊರಕೆ ಹೊಡೆಯತೊಡಗಿದ. ಮುಂದಿನ ಸೀಟಿನವರು ಮೂಗು ಮುಚ್ಚಿಕೊಂಡರು, ಕಿಟಕಿ ತೆಗೆದರು, ಕಂಡಕ್ಟರನ ಮುಖ ನೋಡಿದರು. ನಾನು ಮಾತ್ರ ಮೂಗನ್ನು ಆ ಕಂಬಳಿಯ ಹತ್ತಿರಕ್ಕೆ ಒಯ್ದೆ. ಶಾಲೆಯಲ್ಲಿ ಮಕ್ಕಳಿಗೆ ಶಿಸ್ತು ಕಲಿಸುವ ಟೀಚರು ಹೀಗೆ ಗುರುತು ಪರಿಚಯವಿಲ್ಲದವನ ಕಂಬಳಿ ಮೂಸುವುದನ್ನು ಯಾರಾದರೂ ನೋಡಿದ್ದರೆ ಔರಾದ ತಾಲೂಕಿಗೆಲ್ಲ ಸುದ್ದಿಯಾಗುತ್ತಿತ್ತು. ಪುಣ್ಯಕ್ಕೆ ಬಸ್ಸಿನಲ್ಲಿ ನಮ್ಮ ಶಾಲೆಯ ಕಡೆಯವರು ಇರಲಿಲ್ಲ. ಬೇರೆಯವರಿಗೆ ಅದು ಕುರಿಯ ವಾಸನೆ. ನನಗೆ ಅದು ನನ್ನಪ್ಪ ಮಾಡುತ್ತಿದ್ದ ವೈನಿನ ವಾಸನೆ. ಹತ್ತು ವರ್ಷ ಕತ್ತಲೆಯಲ್ಲಿ ಮಲಗಿದ್ದ ಆ ಬಿಳಿ ವೈನಿನ ಬಿರಡೆ ತೆಗೆದರೆ ಮೊದಲು ಏಳುತ್ತಿದ್ದದ್ದು ಹಸಿ ಕಂಬಳಿಯ ವಾಸನೆಯೇ. ಜೇನು, ಒಣಹುಲ್ಲು, ಬೇಲದ ಹಣ್ಣು ಎಲ್ಲ ಆಮೇಲೆ. ಬಸ್ಸು ಬೀದರ ಮುಟ್ಟುವವರೆಗೆ ನಾನು ಅಳು ತಡೆದುಕೊಂಡು ಕುಳಿತಿದ್ದೆ.

ಬೀದರದಲ್ಲಿ ವೈನೇ ಎಂದು ನೀವು ಹುಬ್ಬೇರಿಸಿದರೆ ನನಗೆ ಹೊಸದಲ್ಲ, ನಮ್ಮ ಬೀಗರೂ ಹಾಗೇ ಹುಬ್ಬೇರಿಸುತ್ತಿದ್ದರು. ನಮ್ಮ ಹೊಲ ಅಷ್ಟೂರ ಕಡೆ, ಬೀದರದ ಕೆಂಪು ಕಲ್ಲಿನ ದಿಬ್ಬ ಇಳಿಯುವಲ್ಲಿ ಇತ್ತು. ಬಳ್ಳಿಯ ಸಾಲಿನ ನಡುವೆ ನಿಂತರೆ ಸುಲ್ತಾನರ ಗೋರಿಗಳ ಗುಮ್ಮಟಗಳು ಕಾಣುತ್ತಿದ್ದವು. ಅಜ್ಜ ತಿನ್ನುವ ದ್ರಾಕ್ಷಿ ಬೆಳೆಯುತ್ತಿದ್ದವನು. ಅವನ ಮಗ, ಅಂದರೆ ನನ್ನ ಅಪ್ಪ ಸಂಗಪ್ಪ, ಪ್ರಾಯದಲ್ಲಿ ನಾಸಿಕದ ಕಡೆಯ ದ್ರಾಕ್ಷಿ ತೋಟವೊಂದಕ್ಕೆ ದುಡಿಯಲು ಹೋಗಿ, ಅಲ್ಲಿ ಫ್ರಾನ್ಸಿನಿಂದ ಬಂದಿದ್ದ ಒಬ್ಬ ಮುದುಕನ ಕೈಕೆಳಗೆ ಏಳೆಂಟು ವರ್ಷ ಇದ್ದು, ಅವನ ದೇಶದ ಬಿಳಿ ದ್ರಾಕ್ಷಿಯ ಕಡ್ಡಿಗಳನ್ನು ಹಸಿ ಗೋಣಿತಟ್ಟಿನಲ್ಲಿ ಸುತ್ತಿಕೊಂಡು ಊರಿಗೆ ಬಂದ. ಅಜ್ಜ ತಾನೇ ತನ್ನ ಬಳ್ಳಿಗಳನ್ನು ಕೊಯ್ದು ಮಗನ ಕಡ್ಡಿಗಳಿಗೆ ಕಸಿ ಕಟ್ಟಲು ಬಿಟ್ಟನಂತೆ. ನಾನು ಹುಟ್ಟುವ ಹೊತ್ತಿಗೆ ಅಜ್ಜ ಇರಲಿಲ್ಲ, ಬಳ್ಳಿಗಳಿದ್ದವು. ಅಪ್ಪ ಸರ್ಕಾರದ ಪರವಾನಗಿಗೆ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ಬಸವಣ್ಣನ ಪಟದ ಪಕ್ಕ ತೂಗುಹಾಕಿದ. ಅಜ್ಜಿ ಅದನ್ನು ಅದೇ ದಿನ ಇಳಿಸಿ ದನದ ಕೊಟ್ಟಿಗೆಯಲ್ಲಿ ತೂಗುಹಾಕಿದಳು. ನನಗೆ ತಿಳಿವಳಿಕೆ ಬಂದ ಮೇಲೆ ಅದು ಕೊಟ್ಟಿಗೆಯಲ್ಲೇ ಇತ್ತು, ಎಮ್ಮೆಗಳೇ ನೋಡಿಕೊಳ್ಳುತ್ತಿದ್ದವು.

ವೈನು ಇರುತ್ತಿದ್ದದ್ದು ಗವಿಯಲ್ಲಿ. ತಲೆಮಾರುಗಳಿಂದ ಬಾವಿ ತೋಡುವ ಮನೆತನದ ರಸೂಲ್ ಚಾಚಾ ಅದನ್ನು ಮನೆಯ ಹಿಂದಿನ ದಿಬ್ಬದಲ್ಲಿ ಕಡಿದು, ಆಮೇಲೆ ನಮ್ಮಲ್ಲೇ ಕೆಲಸಕ್ಕೆ ನಿಂತಿದ್ದ. ಇಪ್ಪತ್ತೆರಡು ಮೆಟ್ಟಿಲು ಇಳಿಯಬೇಕು. ಬೇಸಿಗೆಯಲ್ಲಿ ಮೇಲೆ ಹೆಂಚು ಕಾಯುತ್ತಿದ್ದರೆ ಕೆಳಗೆ ಮೈ ಜುಮ್ಮೆನ್ನುವ ತಂಪು. ಒಂದು ಗೋಡೆಗೆ ಮರದ ಪೀಪಾಯಿಗಳು, ಇನ್ನೊಂದು ಗೋಡೆಯ ಗೂಡುಗಳಲ್ಲಿ ವರ್ಷವಾರು ಮಲಗಿಸಿದ ಬಾಟಲಿಗಳು. ಹತ್ತು ವರ್ಷ ತುಂಬದ ಬಾಟಲಿಯನ್ನು ಅಪ್ಪ ಯಾರಿಗೂ ಕೊಡುತ್ತಿರಲಿಲ್ಲ. ಹೈದರಾಬಾದಿನಿಂದ ಕಾರು ಹಾಕಿಕೊಂಡು ಬಂದವರು ಬಾಗಿಲಲ್ಲಿ ನಿಂತು ಗೋಗರೆದರೂ, "ಇನ್ನಾ ನಿದ್ದ್ಯಾಗ ಅದರಿ, ಎಬ್ಬಿಸಬಾರದು" ಎಂದು ಚಹಾ ಕುಡಿಸಿ ಕಳಿಸುತ್ತಿದ್ದ. ಅವನಷ್ಟು ಹಟವನ್ನು ನಾನು ಇನ್ನೊಬ್ಬರಲ್ಲಿ ಕಂಡಿದ್ದರೆ ಅದು ಅಜ್ಜಿಯಲ್ಲಿ ಮಾತ್ರ.

ದ್ರಾಕ್ಷಿ ಕೊಯ್ಲಾಗಿ ರಸ ಪೀಪಾಯಿಗೆ ಬಿದ್ದ ಮೇಲೆ ಅದು ಹುದುಗಲು ಶುರುವಾಗುತ್ತದೆ. ಆಗ ಗವಿಯಲ್ಲಿ ಕಿವಿಯಿಟ್ಟರೆ ಎಲ್ಲ ಪೀಪಾಯಿಗಳೂ ಪಿಸುಗುಟ್ಟುತ್ತಿದ್ದವು. ಆ ಹುದುಗಿನಿಂದ ಬಣ್ಣವಿಲ್ಲದ, ವಾಸನೆಯಿಲ್ಲದ ಒಂದು ಗಾಳಿ ಹುಟ್ಟಿ, ಭಾರಕ್ಕೆ ಕೆಳಗೇ ಇಳಿದು, ಗವಿಯ ನೆಲದ ಮೇಲೆ ನೀರಿನ ಹಾಗೆ ನಿಲ್ಲುತ್ತದೆ. ಅದರಲ್ಲಿ ದೀಪ ಉರಿಯುವುದಿಲ್ಲ, ಮುಳುಗಿದವರಿಗೆ ತಾವು ಮುಳುಗಿದ್ದು ತಿಳಿಯುವುದಿಲ್ಲ. ಅದನ್ನು ಹೊರಗೆಳೆಯಲು ಅಪ್ಪ ಒಂದು ದೊಡ್ಡ ಫ್ಯಾನು ಕೂಡಿಸಿದ್ದ. ಆದರೆ ರಸೂಲ್ ಚಾಚಾನಿಗೆ ನಮ್ಮೂರ ಕರೆಂಟಿನ ಮೇಲೆ ಭರವಸೆ ಇರಲಿಲ್ಲ. ಹಳೆಯ ಬಾವಿಗೆ ಇಳಿಯುವಾಗ ಅವನ ಅಪ್ಪ, ಅಜ್ಜ ಮಾಡುತ್ತಿದ್ದ ಹಾಗೆ ಉರಿಯುವ ದೀಪವೊಂದನ್ನು ಮುಂದೆ ಹಿಡಿದೇ ಇಳಿಯುತ್ತಿದ್ದ. ನನ್ನನ್ನು ಕೂಡಿಸಿಕೊಂಡು ಅದೊಂದೇ ಪಾಠವನ್ನು ನೂರು ಸಲ ಹೇಳಿದ್ದ: "ಬೇಟಿ, ಚಿರಾಗ ಆರ್ತು ಅಂದ್ರ ಆಟ ಖತಂ. ಯಾಕ ಆರ್ತು, ಹ್ಯಾಂಗ ಆರ್ತು ಅಂತ ನಿಂತು ನೋಡಬ್ಯಾಡ. ಸೀದಾ ಮ್ಯಾಲ ಓಡು." ಕೊಯ್ಲಿಗೆ ಬರುವ ಹೆಂಗಸರಿಗೂ, ಅವ್ವನಿಗೂ, ಮನೆಗೆ ಬಂದ ನೆಂಟರಿಗೂ ಅಪ್ಪ ಇದನ್ನೇ ಹೇಳುತ್ತಿದ್ದ. ಅಜ್ಜಿಗೆ ಮಾತ್ರ ಯಾರೂ ಹೇಳಿರಲಿಲ್ಲ. ಅವಳು ಗವಿಯ ಕಡೆ ತಲೆ ಹಾಕಿಯೂ ಮಲಗದವಳು, ಅವಳಿಗೇಕೆ ಹೇಳಬೇಕು ಎಂದು ನಾನು ಅಂದುಕೊಂಡಿದ್ದೆ.

ಅಜ್ಜಿಯ ಹೆಸರು ನೀಲಮ್ಮ. ತವರು ಭಾಲ್ಕಿ. ಕೊರಳಲ್ಲಿ ಲಿಂಗ, ಹಣೆಗೆ ಮೂರು ಬೆರಳಿನ ವಿಭೂತಿ, ನಾಲಿಗೆಯಲ್ಲಿ ಬೆಂಕಿ. ಮಗ ಮಾಡುವುದು ಹೆಂಡ, ಅದಕ್ಕೆ ಯಾವ ದೇಶದ ಹೆಸರಿಟ್ಟರೂ ಹೆಂಡವೇ ಎನ್ನುವುದು ಅವಳ ತೀರ್ಮಾನ. ಗವಿಯಿಂದ ಮೇಲೆ ಬಂದ ಅಪ್ಪ ತಲೆಗೆ ನೀರು ಹಾಕಿಕೊಳ್ಳದೆ ಅಡುಗೆಮನೆಯ ಹೊಸ್ತಿಲು ದಾಟುವಂತಿರಲಿಲ್ಲ. ಹುದುಗಿನ ತಿಂಗಳಲ್ಲಿ ಅವಳು ಅವನ ಪಂಕ್ತಿಯಲ್ಲಿ ಉಣ್ಣುತ್ತಲೂ ಇರಲಿಲ್ಲ. ಆದರೆ ಅವನಿಗೆಂದು ರೊಟ್ಟಿ ತಟ್ಟುವುದು ಅವಳೇ, ಅವನು ಉಂಡನೋ ಇಲ್ಲವೋ ಎಂದು ನನ್ನನ್ನು ಕಳಿಸಿ ನೋಡಿಸುವುದೂ ಅವಳೇ. ಅಪ್ಪ ಗವಿಯ ತಳದಲ್ಲಿ, ಪೀಪಾಯಿಗಳ ನಡುವೆ, ಮೊಣಕಾಲೆತ್ತರಕ್ಕೆ ದೀಪದ ಮಾಡವೊಂದನ್ನು ಕೊರೆಸಿದ್ದ. ಅಜ್ಜಿಯ ಹೊರತು ಬೇರೆ ಯಾರೂ ಅದರಲ್ಲಿ ದೀಪ ಇಡುವಂತಿರಲಿಲ್ಲ. ಪ್ರತಿ ಶಿವರಾತ್ರಿಗೆ ಅವನು ಅವಳ ಮುಂದೆ ಬಂದು ನಿಲ್ಲುತ್ತಿದ್ದ.

"ಅವ್ವಾ, ಈ ವರ್ಷನಾರ ಒಂದ್ ದೀಪ ಇಡು. ನಿನ್ನ ಕೈಲೆ ಇಟ್ಟರ ಸಾಕು, ನಾ ಮತ್ತೇನೂ ಬೇಡಂಗಿಲ್ಲ."

"ಹೆಂಡದ ಗವ್ಯಾಗ ದೀಪ ಇಡೂ ಕೈ ಅಲ್ಲೋ ಇದು" ಎನ್ನುತ್ತಿದ್ದಳು ಅಜ್ಜಿ. ಅಪ್ಪ ನಗುತ್ತ ಹೋಗುತ್ತಿದ್ದ. ಆ ನಗು ಹೊಲದ ತುದಿಯವರೆಗೂ ಉಳಿಯುತ್ತಿರಲಿಲ್ಲ ಎಂದು ನನಗೆ ಗೊತ್ತಿತ್ತು, ಏಕೆಂದರೆ ನಾನು ಅವನ ಹಿಂದೆಯೇ ಹೋಗುತ್ತಿದ್ದೆ.

ನನಗೆ ಹತ್ತು ವರ್ಷವಾಗಿದ್ದಾಗಿನ ಶಿವರಾತ್ರಿ ಶುಕ್ರವಾರ ಬಿತ್ತು. ಆ ವರ್ಷ ಹಣ್ಣು ಬೇಗ ಮಾಗಿ, ಅರ್ಧ ತೋಟದ ರಸ ಆಗಲೇ ಪೀಪಾಯಿಗಳಲ್ಲಿ ಕುದಿಯುವಂತೆ ಹುದುಗುತ್ತಿತ್ತು. ಇನ್ನರ್ಧ ಕೊಯ್ಲು ನಡೆದಿತ್ತು. ಬೆಳಿಗ್ಗೆಯೇ ಕರೆಂಟು ಹೋಯಿತು. ಫ್ಯಾನು ನಿಂತಿತು. ಅಪ್ಪ ಗವಿಯ ಬಾಗಿಲನ್ನು ಪೂರ್ತಿ ತೆರೆದಿಟ್ಟು, ಕರೆಂಟು ಬರುವವರೆಗೆ ಒಬ್ಬರೂ ಇಳಿಯಬಾರದು ಎಂದು ಎಲ್ಲರಿಗೂ ಕೂಗಿ ಹೇಳಿ ತೋಟಕ್ಕೆ ಹೋದ. ಮಧ್ಯಾಹ್ನ ರಸೂಲ್ ಚಾಚಾ ನಮಾಜಿಗೆಂದು ಸೈಕಲ್ ಹತ್ತಿ ಹೋದ. ನಾನು ಉಪವಾಸದ ನೆಪದಲ್ಲಿ ಶೇಂಗಾ, ಬೆಲ್ಲ, ಖಜೂರ ಎಲ್ಲ ತಿಂದು ಹೊಟ್ಟೆ ಬಿಗಿದುಕೊಂಡು ಅಂಗಳದಲ್ಲಿ ಕುಳಿತಿದ್ದೆ. ಆಗ ಅಜ್ಜಿ ಒದ್ದೆ ಕೂದಲಿನಲ್ಲಿ, ಮಡಿ ಸೀರೆಯಲ್ಲಿ, ಕೈಯಲ್ಲಿ ಉರಿಯುವ ಹಣತೆ ಹಿಡಿದು ಹಿತ್ತಿಲ ಬಾಗಿಲಿನಿಂದ ಹೊರಗೆ ಬಂದಳು. "ಗಂಗವ್ವಾ, ಬಾ, ನಿಮ್ಮಪ್ಪನ ಗವಿ ತೋರ್ಸು" ಎಂದಳು.

ನಾನು ಬಾಯಿ ಬಿಟ್ಟು ನೋಡಿದೆ. ಅವಳು ನನ್ನ ಮುಖ ನೋಡಿ ನಕ್ಕು, "ಹತ್ತ್ ಹತ್ತ್ ವರ್ಷ ಒಂದ್ ಬಾಟ್ಲಿ ಮುಂದ ಕಾಯ್ಕೋತ ಕುಂದರೂದು ಕುಡಕರ ಕೆಲಸಲ್ಲವ್ವ. ನನಗ ಇದು ತಿಳೀಲಿಕ್ಕೇ ಇಷ್ಟ್ ವರ್ಷ ಬೇಕಾತು. ಸಂಗಪ್ಪಗ ಗೊತ್ತಾಗಬಾರದು. ಅಂವ ಸಂಜಿಗಿ ಇಳಿದು ನೋಡಿದಾಗ ಮಾಡದಾಗ ದೀಪ ಉರಿತಿರಬೇಕು" ಎಂದಳು. ಕರೆಂಟಿಲ್ಲ, ಯಾರೂ ಇಳಿಯಬಾರದಂತೆ ಎಂದು ನಾನು ಹೇಳಿದೆ. ಕತ್ತಲೆಗೆ ಹೆದರಿ ಹೇಳುತ್ತಿದ್ದೇನೆ ಎಂದುಕೊಂಡು ಅವಳು ಹಣತೆ ತೋರಿಸಿದಳು, "ಬೆಳಕ ನಾನೇ ತಂದೇನಲ್ಲ." ನಿಜ ಹೇಳಬೇಕೆಂದರೆ ನನಗೂ ಖುಷಿ ತಡೆಯಲಾಗಿರಲಿಲ್ಲ. ಅಪ್ಪ ಇಷ್ಟು ವರ್ಷ ಬೇಡಿದ್ದು ನನ್ನ ಕಣ್ಣ ಮುಂದೆ ಆಗುತ್ತಿತ್ತು. ಎಲ್ಲಾದರೂ ಅವಳ ಮನಸ್ಸು ತಿರುಗೀತು ಎಂದು ನಾನು ಮತ್ತೆ ಬಾಯಿ ಬಿಡಲಿಲ್ಲ.

ಅವಳು ಮುಂದೆ, ನಾನು ಹಿಂದೆ. ಅರ್ಧ ಮೆಟ್ಟಿಲಿಗೆ ನನಗೆ ಮೂಗಿನಲ್ಲಿ ಚುರುಗುಟ್ಟಿತು, ಅಲ್ಲೇ ನಿಂತೆ. ಅಜ್ಜಿ ಗೋಡೆ ಹಿಡಿದು ತಳದವರೆಗೆ ಇಳಿದು, ಪೀಪಾಯಿಗಳ ಪಿಸುಮಾತಿಗೆ ಒಂದು ಗಳಿಗೆ ನಿಂತು ಕಿವಿಗೊಟ್ಟಳು. ಆಮೇಲೆ ಮಾಡದ ಮುಂದೆ ಬಾಗಿ ಹಣತೆ ಇಟ್ಟಳು. ಅದು ಆರಿತು. ಗಾಳಿ ಬೀಸಿ ಆರಿದ ಹಾಗಲ್ಲ. ಬೆಳಕು ಬತ್ತಿಯ ಮೇಲಿನಿಂದ ತಾನಾಗಿ ಎದ್ದುಹೋದ ಹಾಗೆ. ಮೇಲಿನ ಬಾಗಿಲಿನಿಂದ ಬರುತ್ತಿದ್ದ ನಸುಬೆಳಕಿನಲ್ಲಿ ಅವಳು ಸೊಂಟದಿಂದ ಕಡ್ಡಿಪೆಟ್ಟಿಗೆ ತೆಗೆಯುವುದು ಕಂಡಿತು. ಒಂದು ಕಡ್ಡಿ ಚುರ್ ಎಂದು ಹತ್ತಿ ಹಾಗೇ ಸತ್ತಿತು. ಇನ್ನೊಂದು. ಮತ್ತೊಂದು.

"ಅಜ್ಜೀ, ದೀಪ ಆರಿದ್ರ ಮ್ಯಾಲ ಬರ್ಬೇಕಂತ. ಚಾಚಾ ಹೇಳ್ಯಾನ" ಎಂದೆ.

"ಆರಿದ ದೀಪ ಬಿಟ್ಟು ಹ್ಯಾಂಗ ಬರೂದವ್ವ, ಶಿವರಾತ್ರಿ ದಿನ?" ಎಂದಳು ಅಜ್ಜಿ. ಉಸಿರು ಸ್ವಲ್ಪ ಮೇಲೆ ಕೆಳಗೆ ಆಗುತ್ತಿತ್ತು. "ಥಂಡಿಗಿ ಕಡ್ಡಿ ಹಸಿ ಆಗ್ಯಾವ. ಓಡಿ ಹೋಗಿ ಅಡಗಿಮನ್ಯಾಗಿಂದ ಹೊಸ ಪೆಟ್ಟಿಗಿ ತಾ. ಸಂಗಪ್ಪಗ ಹೇಳಬ್ಯಾಡ ಮತ್ತ. ನನ್ನ ಕೈಯಾಗ ದೀಪ ಆರ್ತು ಅಂದ್ರ ಮನಸಿಗಿ ಹಚ್ಕೋತಾನ."

ನೋಡಿ, ಎರಡು ಮಾತು ನನ್ನ ಮುಂದೆ ಇದ್ದವು. ದೀಪ ಆರಿದರೆ ಓಡು ಎನ್ನುವ ಗವಿಯ ಮಾತು. ಆರಿದ ದೀಪ ಬಿಟ್ಟು ಏಳಬಾರದು ಎನ್ನುವ ಮನೆಯ ಮಾತು. ಹತ್ತು ವರ್ಷದ ಹುಡುಗಿ ನಾನು, ಅಜ್ಜಿಯ ಮಾತು ಕೇಳಿದೆ. ಮೆಟ್ಟಿಲು ಹತ್ತಿ ಓಡಿದೆ. ಅಂಗಳದಲ್ಲಿ ದ್ರಾಕ್ಷಿ ಬುಟ್ಟಿ ಹೊತ್ತ ಅಪ್ಪ ಎದುರಾದ. "ಎಲ್ಲಿಗಿ ಓಡ್ತಿ ಹಿಂಗ?" ಎಂದ. "ಏನಿಲ್ಲ" ಎಂದೆ. ಅವನು ಬುಟ್ಟಿ ಇಳಿಸಿ ಬೆವರು ಒರೆಸಿಕೊಳ್ಳುತ್ತ ನಿಂತ. ಅಡುಗೆಮನೆಯಲ್ಲಿ ಹೊಸ ಪೆಟ್ಟಿಗೆ ಮೇಲಿನ ಹಲಗೆಯ ಮೇಲಿತ್ತು. ನನ್ನ ಕೈ ನಿಲುಕಲಿಲ್ಲ. ಅಕ್ಕಿಯ ಡಬ್ಬಿ ಎಳೆದು, ಹತ್ತಿ, ತಡಕಾಡಿ ತೆಗೆದೆ. ಎಷ್ಟು ಹೊತ್ತಾಯಿತೋ ಇವತ್ತಿಗೂ ಲೆಕ್ಕ ಹತ್ತುವುದಿಲ್ಲ. ತಿರುಗಿ ಬಂದು ಗವಿಯ ಬಾಗಿಲಲ್ಲಿ ಬಗ್ಗಿ ನೋಡಿದರೆ ಅಜ್ಜಿ ಪೀಪಾಯಿಗೆ ಒರಗಿ ಕುಳಿತಿದ್ದಳು. ದಣಿದು ಕುಳಿತವಳ ಹಾಗೆಯೇ ಕಂಡಳು. ಕರೆದೆ. ಇನ್ನೊಮ್ಮೆ ಕರೆದೆ. ಆಮೇಲೆ ಕಿರುಚಿದೆ.

ಅಪ್ಪ ಬಾಯಿಗೆ ಒದ್ದೆ ಟವೆಲು ಕಟ್ಟಿ, ಉಸಿರು ಹಿಡಿದು ಇಳಿದು ಅವಳನ್ನು ಹೊತ್ತು ತಂದ. ಅರ್ಧ ದಾರಿಯಲ್ಲಿ ಅವನೂ ಕುಸಿದ, ಕೊಯ್ಲಿನ ಹೆಂಗಸರು ಕೈ ಹಿಡಿದು ಮೇಲಕ್ಕೆಳೆದರು. ಬೇವಿನ ಗಿಡದ ಕೆಳಗೆ ಮಲಗಿಸಿ ಎದೆ ಒತ್ತಿದರು, ಹೆಸರು ಹಿಡಿದು ಕೂಗಿದರು. ಜೀಪು ಬಂತು. ಬೀದರದ ದಿಬ್ಬ ಹತ್ತುವಷ್ಟರಲ್ಲಿ ಎಲ್ಲ ಮುಗಿದಿತ್ತು. ಸಂಜೆ ನಮ್ಮ ಹೊಲದಲ್ಲೇ, ಅಜ್ಜನ ಪಕ್ಕ, ಅಂಗೈಯಲ್ಲಿ ಲಿಂಗ ಇಟ್ಟು ಅವಳನ್ನು ಕೂಡಿಸಿ ಮಣ್ಣು ಕೊಟ್ಟರು. ಅಷ್ಟು ಹೊತ್ತೂ ನನ್ನ ಮುಷ್ಟಿಯಲ್ಲಿದ್ದ ಕಡ್ಡಿಪೆಟ್ಟಿಗೆ ಎಲ್ಲಿ ಹೋಯಿತೋ ನನಗೆ ತಿಳಿಯಲಿಲ್ಲ. ಎಲ್ಲೋ ಬಿದ್ದಿದೆ, ಯಾರಿಗಾದರೂ ಸಿಗುತ್ತದೆ, ಯಾರೋ ಅದನ್ನು ಎತ್ತಿ ಹಿಡಿದು ಇದು ಇಲ್ಲಿಗೆ ಹೇಗೆ ಬಂತು ಎಂದು ಕೇಳುತ್ತಾರೆ ಎಂದು ಕಾದೆ. ಯಾರೂ ಕೇಳಲಿಲ್ಲ. ಅಜ್ಜಿ ಒಬ್ಬಳೇ ಇಳಿದಳು, ಹುಡುಗಿ ಆಮೇಲೆ ನೋಡಿದಳು ಎಂದು ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದ. ನಾನು ಅದನ್ನು ತಿದ್ದಲಿಲ್ಲ. ಅಪ್ಪನಿಗೆ ಹೇಳಬೇಡ ಎಂದು ಅಜ್ಜಿಯೇ ಅಂದಿದ್ದಳಲ್ಲ ಎಂದು ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡೆ.

ಆ ವರ್ಷದ ವೈನನ್ನು ಚೆಲ್ಲಿಬಿಡು ಎಂದು ಅವ್ವ ಅತ್ತಳು, ನೆಂಟರು ಬೈದರು. ಅಪ್ಪ ಚೆಲ್ಲಲಿಲ್ಲ. ಹುದುಗು ಮುಗಿಯುವವರೆಗೆ ನೋಡಿಕೊಂಡ, ಪೀಪಾಯಿಯಿಂದ ಬಾಟಲಿಗೆ ಇಳಿಸಿದ, ಕೊನೆಯ ಗೂಡಿನಲ್ಲಿ ಮಲಗಿಸಿದ. ಅದಾದ ಮೇಲೆ ಬಳ್ಳಿಗಳನ್ನು ಬುಡಸಮೇತ ಕೀಳಿಸಿ ತೊಗರಿ ಬಿತ್ತಿದ. ರಸೂಲ್ ಚಾಚಾ ಮಗಳ ಊರಿಗೆ ಹೋದವನು ತಿರುಗಿ ಬರಲಿಲ್ಲ. ಮನೆಯಲ್ಲಿ ಮಾತು ಕಡಿಮೆಯಾಯಿತು. ಅಪ್ಪ ನನ್ನ ಕಡೆ ನೋಡಿದಾಗಲೆಲ್ಲ ಈಗ ಕೇಳುತ್ತಾನೆ ಎಂದು ಹೆದರುತ್ತಿದ್ದೆ. ಕೇಳದೆ ಎದ್ದು ಹೋದರೆ ಇನ್ನೂ ಹೆಚ್ಚು ಹೆದರಿಕೆ. ಅಡುಗೆಮನೆಯಲ್ಲಿ ಅವ್ವ ಕಡ್ಡಿ ಗೀರಿದರೆ ನಾನು ಹೊರಗೆ ಹೋಗಿ ನಿಲ್ಲುತ್ತಿದ್ದೆ. ಹೀಗೆ ಒಂದೇ ಸೂರಿನ ಕೆಳಗೆ ಎಂಟು ವರ್ಷ ಕಳೆದೆವು. ನಾನು ಓದಲು ಕಲಬುರ್ಗಿಗೆ ಹೋದಾಗ ಬಸ್ಸು ಬಿಟ್ಟಿದ್ದೇ ಉಸಿರು ಹಗುರಾಯಿತು, ಅದಕ್ಕೂ ನಾಚಿಕೆಯಾಯಿತು.

ಹತ್ತನೆಯ ಶಿವರಾತ್ರಿಗೆ ಬಾ ಎಂದು ಅಪ್ಪ ಫೋನು ಮಾಡಿದ. ಮಧ್ಯಾಹ್ನ ಪಡಸಾಲೆಯಲ್ಲಿ ಚಾಪೆ ಹಾಕಿ, ಆ ವರ್ಷದ ಬಾಟಲಿಯೊಂದನ್ನೂ ಎರಡು ಗ್ಲಾಸುಗಳನ್ನೂ ಇಟ್ಟುಕೊಂಡು ಕುಳಿತಿದ್ದ. ಅವ್ವ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ವೈನು ಹೊಂಬಣ್ಣಕ್ಕೆ ತಿರುಗಿತ್ತು. ಅಪ್ಪ ಒಂದು ಗುಟುಕು ಕುಡಿದು ಇನ್ನೊಂದು ಗ್ಲಾಸನ್ನು ನನ್ನ ಕಡೆ ಸರಿಸಿದ. ನಾನೂ ಕುಡಿದೆ. ಕೆಟ್ಟಿರಲಿ, ಹುಳಿಯಾಗಿರಲಿ ಎಂದು ಎಷ್ಟು ಬೇಡಿಕೊಂಡಿದ್ದೆನೋ. ಅದು ಅವನು ಮಾಡಿದ್ದರಲ್ಲೆಲ್ಲ ಒಳ್ಳೆಯ ವೈನಾಗಿತ್ತು. ಅದು ಒಳ್ಳೆಯದಾಗಿದೆ ಎನ್ನುವುದಕ್ಕೇ ನನಗೆ ಅಳು ಒತ್ತರಿಸಿ ಬಂತು. ಅಪ್ಪಾ, ಅವತ್ತು ನಾನೂ ಇಳಿದಿದ್ದೆ, ಅಜ್ಜಿ ಕಡ್ಡಿಪೆಟ್ಟಿಗೆ ತಾ ಎಂದಳು, ನಿನಗೆ ಹೇಳದೆ ಅದನ್ನೇ ತರಲು ಹೋದೆ ಎಂದು ಒಂದೇ ಉಸಿರಿಗೆ ಹೇಳಿಬಿಟ್ಟೆ.

"ಗೊತ್ತು" ಎಂದ ಅಪ್ಪ. "ನಿನ್ನ ಮುಷ್ಟಿ ಬಿಡಿಸಿ ನಾನೇ ತಗೊಂಡು ಕಿಸೆದಾಗ ಹಾಕ್ಕೊಂಡೆ. ಮಂದಿ ನೋಡಬಾರದಂತ. ನಿನಗ ನೆಪ್ಪಿಲ್ಲ."

ಹತ್ತು ವರ್ಷ ನಾನು ಹೆದರಿದ್ದು ಗೊತ್ತಿದ್ದವನಿಗೇ.

"ತಪ್ಪು ನಿಂದಲ್ಲ" ಎಂದು ಅವನೇ ಮುಂದುವರಿಸಿದ. "ಊರಿಗೆಲ್ಲ ಹೇಳಿದೆ, ದೀಪ ಆರಿದ್ರ ಓಡ್ರಿ ಅಂತ. ಅವ್ವಗ ಹೇಳಲಿಲ್ಲ. ಯಾಕ ಹೇಳು? ಆ ಗವ್ಯಾಗ ದೀಪ ಆರ್ತದ ಅಂತ ಗೊತ್ತಾದ್ರ ಅಕಿ ಅದನ್ನ ಅಪಶಕುನ ಅಂತಿದ್ದಳು, ಎಂದೂ ಬರ್ತಿರಲಿಲ್ಲ. ಒಂದಿನಾರ ಬರಲಿ ಅಂತ ಮುಚ್ಚಿಟ್ಟೆ. ಬಂದಳು." ಗ್ಲಾಸನ್ನು ಚಾಪೆಯ ಮೇಲಿಟ್ಟ. "ನಿನಗ ಒಂದ್ ಮಾತು ಕೇಳಬೇಕಂತ ಹತ್ತು ವರ್ಷ ಆತು. ಕೇಳಿದ್ರ ನನಗ ಗೊತ್ತದ ಅಂತ ನಿನಗ ಗೊತ್ತಾಗ್ತಿತ್ತು, ಅದಕ್ಕ ಕೇಳಲಿಲ್ಲ. ಕಡೀಕ ಅವ್ವ ಏನಂದಳು? ದೇವರು ಒಲ್ಲೆ ಅಂದ ಅಂತ ತಿಳ್ಕೊಂಡು ಹೋದಳೇನು?"

ಆಗ ನಾನು ಹೇಳಿದೆ. ಅವಳ ಧಾಟಿಯಲ್ಲೇ ಹೇಳಿದೆ, ಬೇರೆ ಹೇಗೆ ಹೇಳಲೂ ಬರಲಿಲ್ಲ. "ಸಂಗಪ್ಪಗ ಹೇಳಬ್ಯಾಡ ಮತ್ತ. ನನ್ನ ಕೈಯಾಗ ದೀಪ ಆರ್ತು ಅಂದ್ರ ಮನಸಿಗಿ ಹಚ್ಕೋತಾನ."

ಅಪ್ಪ ತಲೆ ತಗ್ಗಿಸಿ ಕೇಳಿಸಿಕೊಂಡ. "ಇನ್ನೊಮ್ಮಿ ಹೇಳು" ಎಂದ. ಇನ್ನೊಮ್ಮೆ ಹೇಳಿದೆ. ಅಜ್ಜಿಯನ್ನು ಮಣ್ಣಿಗಿಟ್ಟ ದಿನವೂ ಅಳದಿದ್ದ ನನ್ನಪ್ಪ, ಟವೆಲಿನಲ್ಲಿ ಮುಖ ಮುಚ್ಚಿಕೊಂಡು, ಒಳಗಿದ್ದ ಅವ್ವ ಬಾಗಿಲು ತೆರೆದು ಓಡಿ ಬರುವಷ್ಟು ದೊಡ್ಡದಾಗಿ ಅತ್ತ.

ಅಪ್ಪ ತೀರಿಕೊಂಡು ಮೂರು ವರ್ಷವಾಯಿತು, ನನ್ನವ್ವ ಅವನಿಗಿಂತ ಮೊದಲೇ ಹೋದಳು. ಹೊಲ ಬೇರೆಯವರ ಪಾಲಾಗಿದೆ. ಗವಿಯ ಬಾಯಿಗೆ ಅವರು ಕಲ್ಲು ತುಂಬಿ, ಮೇಲೆ ಸೋಯಾ ಒಣಹಾಕುತ್ತಾರೆ. ಕೊನೆಯ ದಿನಗಳಲ್ಲಿ ಅಪ್ಪ ಹಾಸಿಗೆ ಹಿಡಿದಿದ್ದ. ನಾನು ಶಾಲೆ ಮುಗಿಸಿ, ಬಸ್ಸು ಹಿಡಿದು ಬಂದು ಅವನ ಹತ್ತಿರ ಕುಳಿತರೆ ಊಟ, ಔಷಧ ಎಲ್ಲ ಆದ ಮೇಲೆ ಕಣ್ಣು ಮುಚ್ಚಿಕೊಂಡು, "ಗಂಗಾ, ಕಡೀಕ ಅವ್ವ ಏನಂದಿದ್ದಳು?" ಎಂದು ಕೇಳುತ್ತಿದ್ದ. ಗೊತ್ತಿದ್ದೂ ಕೇಳುತ್ತಿದ್ದ. ನಾನು ಪ್ರತಿ ಸಲವೂ ಹೇಳುತ್ತಿದ್ದೆ. ಈಗ ಯಾರೂ ಕೇಳುವುದಿಲ್ಲ.